ಎಂಜಿನ್ ಆಯಿಲ್ ಗೆರೆ ದಾಟಿದಾಗ: ಅಳೆಯುವುದು, ಇಳಿಸುವುದು, ಸರ್ವಿಸ್ ಮೇಲೆ ಕಣ್ಣಿಡುವುದು

ಸರ್ವಿಸ್ ಮುಗಿಸಿ ಬಂದ ಕಾರಿನ ಬಾನೆಟ್ ಎತ್ತಿ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ತೋರಿಸುವ ಕಡ್ಡಿ) ಎಳೆದು ನೋಡುವವರು ಕಡಿಮೆ. ನೋಡಿದವರಲ್ಲಿ ಕೆಲವರಿಗೆ ಆಯಿಲ್ ಕಡ್ಡಿಯ ಮೇಲಿನ, ಅಂದರೆ ಗರಿಷ್ಠ ಮಟ್ಟದ ಗೆರೆಯನ್ನೂ ದಾಟಿ ಅರ್ಧ ಬೆರಳು ಮೇಲೆ ನಿಂತಿರುವುದು ಕಾಣುತ್ತದೆ. ಗ್ಯಾರೇಜಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಕಮ್ಮಿ ಇರೋದಕ್ಕಿಂತ ಜಾಸ್ತಿ ಇರೋದು ವಾಸಿ ಸಾರ್, ಓಡಿಸಿ, ತಾನೇ ಸರಿಹೋಗುತ್ತೆ." ಸರಿಹೋಗುವುದಿಲ್ಲ. ಚೆನ್ನಾಗಿರುವ ಎಂಜಿನ್ ಹೆಚ್ಚುವರಿ ಅರ್ಧ ಲೀಟರ್ ಆಯಿಲ್ ಕುಡಿಯಲು ಸಾವಿರಾರು ಕಿಲೋಮೀಟರ್ ಓಡಬೇಕು. ಅದಕ್ಕಿಂತ ಬೇಗ ಕುಡಿದರೆ, ಆಯಿಲ್ ಹೋಗಬಾರದ ಜಾಗಕ್ಕೆ ಹೋಗಿ ಉರಿದಿದೆ ಎಂದು ಲೆಕ್ಕ.

ಇದರಲ್ಲಿ ಇನ್ನೊಂದು ಸುಳಿವೂ ಇದೆ. ಆಯಿಲ್ ಹಾಕಿದ ಮೇಲೆ ಡಿಪ್‌ಸ್ಟಿಕ್ ನೋಡುವುದು ಇಡೀ ಸರ್ವಿಸ್‌ನಲ್ಲಿ ಅತಿ ಸುಲಭದ, ಎರಡೇ ನಿಮಿಷದ ಕೆಲಸ. ಅದನ್ನೇ ಬಿಟ್ಟವರು ಕೈಗೆ ಎಟುಕದ, ಕಣ್ಣಿಗೆ ಕಾಣದ ಉಳಿದ ಕೆಲಸಗಳನ್ನು ಶ್ರದ್ಧೆಯಿಂದ ಮಾಡಿದ್ದಾರೆಂದು ನಂಬುವುದು ಕಷ್ಟ. ಹಾಗಾಗಿ ಡಿಪ್‌ಸ್ಟಿಕ್ ಆಯಿಲ್ ಜತೆಗೆ ಗ್ಯಾರೇಜನ್ನೂ ಅಳೆಯುತ್ತದೆ.

ಅಳತೆಯೇ ತಪ್ಪಿರಬಹುದು, ಮೊದಲು ಅದನ್ನು ನೋಡಿ

"ಆಯಿಲ್ ಜಾಸ್ತಿ" ಎಂಬ ದೂರುಗಳಲ್ಲಿ ಒಂದಷ್ಟು ಬರೀ ಓದುವ ತಪ್ಪು. ಸರಿಯಾಗಿ ಓದುವ ಕ್ರಮ ಹೀಗೆ:

1. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಮನೆ ಮುಂದಿನ ಇಳಿಜಾರು ಸಣ್ಣದಾಗಿ ಕಂಡರೂ ಡಿಪ್‌ಸ್ಟಿಕ್ ಮೇಲೆ ಹಲವು ಮಿಲಿಮೀಟರ್ ವ್ಯತ್ಯಾಸ ತೋರಿಸುತ್ತದೆ. ಅನುಮಾನವಿದ್ದರೆ ಕಾರನ್ನು ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಎರಡೂ ಸಲ ಒಂದೇ ಬಂದರೆ ನೆಲ ಸರಿಯಿದೆ.
2. ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಆಫ್ ಮಾಡಿ, 5ರಿಂದ 10 ನಿಮಿಷ ಬಿಡಿ. ಮೇಲೆ ಸಿಲಿಂಡರ್ ಹೆಡ್‌ನಲ್ಲಿ ಉಳಿದ ಆಯಿಲ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯಲು ಅಷ್ಟು ಹೊತ್ತು ಬೇಕು. ಕೆಲವು ಕಂಪನಿಗಳು ತಣ್ಣಗಿರುವಾಗ ಅಳೆಯಲು ಹೇಳುತ್ತವೆ, ಕೆಲವು 3 ನಿಮಿಷ ಸಾಕೆನ್ನುತ್ತವೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಏನಿದೆಯೋ ಅದೇ ಅಂತಿಮ. ಈಗಾಗಲೇ ಆಯಿಲ್ ಬಹಳ ಹೆಚ್ಚಿರುವ ಗುಮಾನಿ ಇದ್ದರೆ ಮಾತ್ರ ಬಿಸಿ ಮಾಡಲು ಹೋಗಬೇಡಿ, ತಣ್ಣಗಿರುವಾಗಲೇ ನೋಡಿ.
3. ಡಿಪ್‌ಸ್ಟಿಕ್ ಎಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ. ಮೊದಲ ಸಲ ಎಳೆದಾಗಿನ ಗುರುತನ್ನು ನಂಬಬೇಡಿ. ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಕಡ್ಡಿಗೆ ಬಳಿದಿರುತ್ತದೆ.
4. ಹಿಡಿ ಪೂರ್ತಿ ಕೂರುವವರೆಗೆ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಕಡ್ಡಿಯ ಎರಡೂ ಬದಿ ನೋಡಿ, ಕೆಳಗಿರುವ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಸ ಆಯಿಲ್ ತಿಳಿಯಾಗಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಅಂಚು ಕಾಣುತ್ತದೆ.
5. ಮೂರು ಸಲ ಅಳೆಯಿರಿ. ಮೂರರಲ್ಲಿ ಎರಡು ಹೊಂದಿದರೆ ಅದು ನಿಜವಾದ ಮಟ್ಟ.

ಬಿಸಿ-ತಣ್ಣನೆಯ ವ್ಯತ್ಯಾಸವೂ ಕಡಿಮೆಯದಲ್ಲ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಆಯಿಲ್ ಸುಮಾರು ಶೇ 0.07ರಷ್ಟು ಹಿಗ್ಗುತ್ತದೆ. 20 ಡಿಗ್ರಿಯಲ್ಲಿ 4 ಲೀಟರ್ ಇದ್ದದ್ದು 90 ಡಿಗ್ರಿಗೆ ಬಂದಾಗ ಹೆಚ್ಚುಕಡಿಮೆ 200 ಮಿಲಿಲೀಟರ್ ಹಿಗ್ಗಿರುತ್ತದೆ. ಬೆಳಿಗ್ಗೆ ಗೆರೆಯ ಮೇಲೇ ಇದ್ದ ಆಯಿಲ್ ಮಧ್ಯಾಹ್ನ ಗೆರೆ ದಾಟಿ ಕಂಡರೆ ಯಾರೂ ಸುರಿದಿಲ್ಲ ಎಂದು ತಿಳಿಯಿರಿ. ಹೋಲಿಸುವುದಾದರೆ ಪ್ರತಿಸಲ ಒಂದೇ ಸ್ಥಿತಿಯಲ್ಲಿ ಅಳೆಯಬೇಕು.

ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಇವೆ, ಬಿಎಂಡಬ್ಲ್ಯೂನ ಹಲವು ಮಾದರಿಗಳ ಹಾಗೆ. ಅಲ್ಲಿ ಸೆನ್ಸರ್ ಅಳೆದು ಪರದೆಯ ಮೇಲೆ ತೋರಿಸುತ್ತದೆ. ಅದು ಹೇಳಿದಷ್ಟು ಬಿಸಿ, ಹೇಳಿದಷ್ಟು ಹೊತ್ತು, ಸಮತಟ್ಟು ಎಂಬ ಮೂರೂ ಷರತ್ತು ಪೂರೈಸಿದರಷ್ಟೇ ಆ ಅಳತೆಗೆ ಬೆಲೆ.

ಕೆಂಪು ಆಯಿಲ್ ದೀಪದ ಬಗ್ಗೆಯೂ ಒಂದು ಮಾತು. ಅದು ಒತ್ತಡ ಕುಸಿದಾಗ ಹೊತ್ತುವ ದೀಪ. ಆಯಿಲ್ ಹೆಚ್ಚಾಗಿದೆ ಎಂದು ಎಚ್ಚರಿಸುವ ಕೆಲಸ ಅದರದ್ದಲ್ಲ.

ಎಷ್ಟು ಹೆಚ್ಚಾದರೆ ಚಿಂತಿಸಬೇಕು

ಕಡ್ಡಿಯ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಬರಲು ಎಷ್ಟು ಆಯಿಲ್ ಬೇಕೆಂಬುದು ಕೈಪಿಡಿಯಲ್ಲಿ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಅದು 1 ಲೀಟರ್ ಆಸುಪಾಸು. ಎರಡು ಗೆರೆಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಭಾಗಿಸಿದರೆ ಒಂದು ಮಿಲಿಮೀಟರ್‌ಗೆ ಎಷ್ಟೆಂದು ಸಿಗುತ್ತದೆ. ಅಂತರ 20 ಮಿ.ಮೀ., ಪ್ರಮಾಣ 1 ಲೀಟರ್ ಎಂದಿಟ್ಟುಕೊಂಡರೆ ಮಿಲಿಮೀಟರ್‌ಗೆ 50 ಮಿಲಿಲೀಟರ್. ಗೆರೆಗಿಂತ 9 ಮಿ.ಮೀ. ಮೇಲಿದ್ದರೆ 450 ಮಿಲಿಲೀಟರ್ ಹೆಚ್ಚು. ಚೇಂಬರ್ ಮೇಲಕ್ಕೆ ಹೋದಂತೆ ಅಗಲವಾಗಿದ್ದರೆ ನಿಜವಾದ ಹೆಚ್ಚಳ ಇನ್ನೂ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಕಂಪನಿ ಬೇರೆ ಹೇಳದಿದ್ದರೆ ಈ ಲೆಕ್ಕ ಇಟ್ಟುಕೊಳ್ಳಬಹುದು:

- 200 ಮಿಲಿಲೀಟರ್ ಒಳಗೆ: ಮೇಲಿನ ಉದಾಹರಣೆಯಲ್ಲಿ ಗೆರೆಗಿಂತ ನಾಲ್ಕು ಮಿಲಿಮೀಟರ್ ಒಳಗೆ. ತಲೆ ಕೆಡಿಸಿಕೊಳ್ಳಬೇಕಿಲ್ಲ, ಆದರೆ ಇದರ ಮೇಲೆ ಒಂದು ಹನಿಯೂ ಸೇರಿಸಬೇಡಿ.
- 200ರಿಂದ 500: ದೂರದ ಪ್ರಯಾಣ, ಹೆಚ್ಚು ಆರ್‌ಪಿಎಂ ಬಿಟ್ಟು, ಒಂದೆರಡು ದಿನದಲ್ಲಿ ಇಳಿಸಿ.
- 500ಕ್ಕಿಂತ ಹೆಚ್ಚು: ಇಳಿಸುವವರೆಗೆ ಓಡಿಸದಿರುವುದು ಲೇಸು.
- 1 ಲೀಟರ್ ಅಥವಾ ಮೇಲೆ: ಸ್ಟಾರ್ಟ್ ಕೂಡ ಮಾಡಬೇಡಿ. ಡೀಸೆಲ್ ಕಾರಾದರೆ ಈ ಮಾತನ್ನು ಎರಡು ಸಲ ಓದಿಕೊಳ್ಳಿ, ಕಾರಣ ಮುಂದಿದೆ.

ಒಳಗೆ ನಡೆಯುವುದೇನು

ಆಯಿಲ್ ಚೇಂಬರಿನ ಮೇಲೆ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಿರುಗುತ್ತಿರುತ್ತದೆ, ನಿಮಿಷಕ್ಕೆ ಸಾವಿರಾರು ಸುತ್ತು. ಮೇಲಿನ ಗೆರೆ ಗುರುತಿಸಿರುವುದು ಅದಕ್ಕೂ ಆಯಿಲ್‌ಗೂ ನಡುವೆ ಸಾಕಷ್ಟು ಜಾಗ ಬಿಟ್ಟು. ಮಟ್ಟ ಏರಿದರೆ ಕ್ರ್ಯಾಂಕಿನ ತೂಕದ ಗುಂಡುಗಳು ಆಯಿಲ್‌ಗೆ ಬಡಿಯುತ್ತವೆ. ಮಜ್ಜಿಗೆ ಕಡೆದಂತೆ ಆಯಿಲ್ ಕಡೆದು ಗಾಳಿ ಸೇರಿಕೊಂಡು ನೊರೆಯಾಗುತ್ತದೆ.

ತೊಂದರೆಯ ಮೂಲ ಈ ನೊರೆ. ಆಯಿಲ್ ಪಂಪ್ ದ್ರವವನ್ನು ತಳ್ಳಲೆಂದು ಇರುವುದು. ಗಾಳಿ ಬೆರೆತರೆ ಅದು ಅದುಮಿಕೊಳ್ಳುತ್ತದೆ, ಒತ್ತಡ ಏರುಪೇರಾಗುತ್ತದೆ. ಬೇರಿಂಗ್ ಮತ್ತು ಶಾಫ್ಟ್ ನಡುವೆ ನಿಲ್ಲಬೇಕಾದ ತೆಳು ಪದರ ಅಲ್ಲಲ್ಲಿ ಹರಿಯುತ್ತದೆ. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ಗಳಲ್ಲಿ ಟಿಕ್ ಟಿಕ್ ಸದ್ದು ಕೇಳುತ್ತದೆ. ವಿಚಿತ್ರವೆಂದರೆ, ಆಯಿಲ್ ಅತಿ ಹೆಚ್ಚಾದ ಎಂಜಿನ್ ಕೊನೆಗೆ ಆಯಿಲ್ ಸಾಲದ ಎಂಜಿನ್‌ನಂತೆಯೇ ಸವೆಯುತ್ತದೆ.

ಎರಡನೆಯ ದಾರಿ ಹೊಗೆಯದು. ಪಿಸ್ಟನ್ ರಿಂಗ್ ದಾಟಿ ಕೆಳಗೆ ಬರುವ ಅನಿಲವನ್ನು ಪಿಸಿವಿ ವಾಲ್ವ್, ಬ್ರೀದರ್ ಪೈಪ್‌ಗಳು ಮತ್ತೆ ಇನ್‌ಟೇಕಿಗೆ (ಎಂಜಿನ್ ಗಾಳಿ ಎಳೆಯುವ ದಾರಿಗೆ) ಒಯ್ಯುತ್ತವೆ. ಕಡೆದೆದ್ದ ಆಯಿಲ್ ಮಂಜು ಅದೇ ದಾರಿಯಲ್ಲಿ ಮೇಲೆ ಹೋಗಿ ಸಿಲಿಂಡರಿನಲ್ಲಿ ಉರಿಯುತ್ತದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಸ್ಪಾರ್ಕ್ ಪ್ಲಗ್ ಮೇಲೆ ಎಣ್ಣೆಮಸಿ, ಟರ್ಬೊ ಕಾರಾದರೆ ಇಂಟರ್‌ಕೂಲರ್ ಪೈಪಿನಲ್ಲಿ ಜಿಡ್ಡು. ಆಯಿಲ್‌ನಲ್ಲಿರುವ ರಂಜಕ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಪದರವನ್ನು ಹಾಳು ಮಾಡುತ್ತದೆ. ಆಯಿಲ್ ಬೂದಿ ಡೀಸೆಲ್ ಕಾರಿನ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತದೆ, ಅದನ್ನು ಸುಟ್ಟು ತೆಗೆಯಲಾಗುವುದಿಲ್ಲ.

ಇನ್ನು ಸೀಲ್‌ಗಳು. ಕ್ರ್ಯಾಂಕ್‌ಶಾಫ್ಟ್ ಇರುವ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಹೆಚ್ಚಿದರೆ ಆಗಲೇ ಗಟ್ಟಿಯಾದ ಹಳೆಯ ರಬ್ಬರ್ ಸೀಲ್ ಜಿನುಗಲು ಶುರುವಾಗುತ್ತದೆ. ಹಿಂಬದಿಯ ಕ್ರ್ಯಾಂಕ್ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅಲ್ಲಿಗೆ ಅರ್ಧ ಲೀಟರ್ ಆಯಿಲ್ ಎಷ್ಟು ದುಬಾರಿಯಾಯಿತೆಂದು ನೀವೇ ಅಂದಾಜಿಸಿ.

ಡೀಸೆಲ್ ಎಂಜಿನ್ನಿನ ಅಪಾಯ ಬೇರೆಯೇ ತೆರನದು. ಡೀಸೆಲ್ ಉರಿಯಲು ಸ್ಪಾರ್ಕ್ ಬೇಡ, ಒತ್ತಡದ ಶಾಖವೇ ಸಾಕು. ಇನ್‌ಟೇಕಿಗೆ ಆಯಿಲ್ ಧಾರಾಳವಾಗಿ ಸೇರತೊಡಗಿದರೆ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ತನ್ನಷ್ಟಕ್ಕೆ ಆರ್‌ಪಿಎಂ ಏರಿಸಿಕೊಳ್ಳುತ್ತದೆ. ಕೀ ತಿರುಗಿಸಿ ಆಫ್ ಮಾಡಿದರೆ ನಿಲ್ಲುವುದು ಡೀಸೆಲ್ ಪೂರೈಕೆ ಮಾತ್ರ, ಎಂಜಿನ್ ನಿಲ್ಲದಿರಬಹುದು. ಹಾಗಾದಾಗ ಮ್ಯಾನುವಲ್ ಕಾರಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಅತಿ ಮೇಲಿನ ಗೇರ್ ಹಾಕಿ, ಕ್ಲಚ್ ಒಮ್ಮೆಲೇ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ಆಟೊಮ್ಯಾಟಿಕ್‌ನಲ್ಲಿ ಆ ಉಪಾಯ ನಡೆಯದು. ಜನರನ್ನು ಇಳಿಸಿ ದೂರ ಸರಿಯಿರಿ. ಬಾನೆಟ್ ಎತ್ತಿ ಗಾಳಿಯ ಬಾಯಿಗೆ ಕೈ, ಬಟ್ಟೆ ಅಡ್ಡ ಹಿಡಿಯುವ ಸಾಹಸ ಬೇಡ.

ಸುರಿಯದೆಯೂ ಮಟ್ಟ ಏರಬಹುದು

ಇಳಿಸುವ ಮುನ್ನ ಮೂಗಿಗೂ ಕೆಲಸ ಕೊಡಿ. ಡಿಪ್‌ಸ್ಟಿಕ್ ಮೂಸಿ ನೋಡಿ.

ಡೀಸೆಲ್ ವಾಸನೆ ಬಂದು, ಮಟ್ಟ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಾರಣ ಡಿಪಿಎಫ್ ಇರಬಹುದು. ಫಿಲ್ಟರಿನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಬರೀ ಎರಡು ಮೂರು ಕಿಲೋಮೀಟರ್ ಓಡಿಸುವ ಕಾರಿನಲ್ಲಿ ಆ ಸುಡುವಿಕೆ ಅರ್ಧಕ್ಕೆ ನಿಂತು, ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಮಾಜ್ದಾ ಡೀಸೆಲ್ ಕಾರುಗಳ ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆಗೂ ಮೇಲೆ ಒಂದು 'ಎಕ್ಸ್' ಗುರುತು ಇರುವುದು ಇದಕ್ಕಾಗಿಯೇ: ಅಲ್ಲಿಗೆ ಮುಟ್ಟಿದರೆ ಆಯಿಲ್ ಬದಲಿಸಬೇಕು. ಇಂಥ ಕಡೆ ಹೆಚ್ಚುವರಿಯನ್ನು ಮಾತ್ರ ಹೀರಿ ತೆಗೆಯುವುದು ತಪ್ಪು. ಉಳಿಯುವುದು ಡೀಸೆಲ್ ಬೆರೆತು ನೀರಾದ ಆಯಿಲ್. ಪೂರ್ತಿ ಬದಲಿಸಿ. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಟರ್ಬೊ ಕಾರುಗಳಲ್ಲೂ ಚಳಿಯಲ್ಲಿ ಸಣ್ಣ ಓಡಾಟದಿಂದ ಪೆಟ್ರೋಲ್ ಹೀಗೆ ಸೇರುವುದುಂಟು.

ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಕೂಲೆಂಟ್ ಬಾಟಲಿಯ ಮಟ್ಟವೂ ಇಳಿದಿದ್ದರೆ, ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕಡೆ ಅನುಮಾನ ಪಡಿ. ಕಾರು ಓಡಿಸಬೇಡಿ. ಆಯಿಲ್ ಸುರಿಯುವ ಕ್ಯಾಪಿನ ಕೆಳಗೆ ಮಾತ್ರ ಸ್ವಲ್ಪ ಬಿಳಿ ಜಿಡ್ಡು ಇದ್ದು ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಅದು ಬಹುಮಟ್ಟಿಗೆ ತೇವಾಂಶ, ಒಂದು ದೂರದ ಓಟಕ್ಕೆ ಆರುತ್ತದೆ.

ಮೂರನೆಯದು ಕೇಳಲು ನಗು ಬರುವ, ಆದರೆ ನಿಜವಾಗಿ ಆಗುವ ತಪ್ಪು. ಎಂಜಿನ್ ಮತ್ತು ಗೇರ್‌ಬಾಕ್ಸ್‌ನ ಡ್ರೈನ್ ಬೋಲ್ಟ್‌ಗಳು ಅಕ್ಕಪಕ್ಕ ಇರುವ ಕಾರುಗಳಲ್ಲಿ ಮೆಕ್ಯಾನಿಕ್ ಗೇರ್ ಆಯಿಲ್ ಇಳಿಸಿ, ಎಂಜಿನ್ನಿಗೆ ಹೊಸ ಆಯಿಲ್ ಸುರಿದುಬಿಡುತ್ತಾನೆ. ಎಂಜಿನ್ನಿನಲ್ಲಿ ಎರಡು ಪಟ್ಟು, ಗೇರ್‌ಬಾಕ್ಸ್ ಖಾಲಿ. ಸರ್ವಿಸ್ ಆದ ಕೂಡಲೇ ಮಟ್ಟ 3-4 ಲೀಟರ್‌ನಷ್ಟು ಮೇಲಿದ್ದರೆ, ಆಯಿಲ್ ಅರ್ಧ ಕಪ್ಪಾಗಿದ್ದರೆ, ಮೊದಲು ಇದನ್ನೇ ಶಂಕಿಸಿ. ಕಾರನ್ನು ಒಂದು ಮೀಟರ್ ಕೂಡ ಸರಿಸದೆ ಗೇರ್‌ಬಾಕ್ಸ್ ಆಯಿಲ್ ಮಟ್ಟ ಪರೀಕ್ಷಿಸಿ.

ಹೆಚ್ಚಾದ ಆಯಿಲ್ ಇಳಿಸುವುದು

ಆಯಿಲ್ ಹೊಸದು, ವಾಸನೆ ಇಲ್ಲ, ಪ್ರಮಾಣ ಮಾತ್ರ ಹೆಚ್ಚು ಎಂದು ಖಾತ್ರಿಯಾದರೆ ಮುಂದುವರಿಯಿರಿ. ಗ್ಯಾರೇಜಿನ ಮೇಲೆ ದೂರು ಹೇಳುವ ಯೋಚನೆ ಇದ್ದರೆ ಕೈ ಹಾಕುವ ಮುನ್ನ ಫೋಟೊ ತೆಗೆಯಿರಿ: ಡಿಪ್‌ಸ್ಟಿಕ್ ಗೆರೆಗಳು ಸ್ಪಷ್ಟ ಕಾಣುವಂತೆ ಒಂದು, ಓಡೊಮೀಟರ್ ಒಂದು, ಕಾರು ನಿಂತ ನೆಲ ಒಂದು.

ಮನೆಯಲ್ಲಿ ಮಾಡಲು ತಕ್ಕದ್ದು ಡಿಪ್‌ಸ್ಟಿಕ್ ಕೊಳವೆಯಿಂದ ಹೀರುವ ವಿಧಾನ. ಕಾರಿನ ಕೆಳಗೆ ನುಸುಳುವ ಪ್ರಮೇಯವಿಲ್ಲ, ಬೋಲ್ಟ್ ಮುಟ್ಟಬೇಕಿಲ್ಲ. ಬೇಕಾಗುವ ಸಾಮಾನು: 100 ಮಿಲಿಲೀಟರಿನ ದೊಡ್ಡ ಸಿರಿಂಜ್ ಅಥವಾ ಕೈಯಿಂದ ಒತ್ತುವ ಆಯಿಲ್ ಎಕ್ಸ್‌ಟ್ರ್ಯಾಕ್ಟರ್ ಪಂಪ್, ಹೊರ ವ್ಯಾಸ 5-6 ಮಿ.ಮೀ. ಇರುವ ಒಂದೂವರೆ ಮೀಟರ್ ಕೊಳವೆ, ಅಳತೆ ಗುರುತಿರುವ ಸ್ವಚ್ಛ ಬಾಟಲಿ, ನೈಟ್ರೈಲ್ ಕೈಗವಸು, ಬಣ್ಣದ ಟೇಪು, ಹಳೇ ಬಟ್ಟೆ.

1. ಎಂಜಿನ್ ಉಗುರು ಬೆಚ್ಚಗಿರಲಿ. ತೀರಾ ತಣ್ಣಗಿದ್ದರೆ ಗಟ್ಟಿ ಆಯಿಲ್ ಸಣ್ಣ ಕೊಳವೆಯಲ್ಲಿ ಏರಲು ಸತಾಯಿಸುತ್ತದೆ. ತೀರಾ ಬಿಸಿ ಇದ್ದರೆ ಅಗ್ಗದ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ಒಳಗೇ ಮುದುರಿಕೊಳ್ಳುತ್ತದೆ, ಕೈಯೂ ಸುಡುತ್ತದೆ. ಆಯಿಲ್ ಬಹಳ ಹೆಚ್ಚಿದ್ದರೆ ಬೆಚ್ಚಗೆ ಮಾಡಲೆಂದು ಸ್ಟಾರ್ಟ್ ಮಾಡಬೇಡಿ. ಬಿಸಿಲಲ್ಲಿ ನಿಲ್ಲಿಸಿದರೂ ಸಾಕು, ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೆ.
2. ಡಿಪ್‌ಸ್ಟಿಕ್ ಹೊರತೆಗೆದು ಕೊಳವೆಯನ್ನು ಅದರ ಪಕ್ಕ ಚಾಚಿ ಹಿಡಿಯಿರಿ. ಹಿಡಿ ಕೂರುವ ಜಾಗದಿಂದ ಮೇಲಿನ ಗೆರೆಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿನವರೆಗೆ ಎಷ್ಟುದ್ದವೋ ಅಷ್ಟಕ್ಕೆ ಕೊಳವೆಯ ಮೇಲೆ ಟೇಪು ಸುತ್ತಿ.
3. ಟೇಪಿನ ಗುರುತು ಬಾಯಿಗೆ ಬರುವಷ್ಟೇ ಕೊಳವೆ ಇಳಿಸಿ. ಈಗ ಅದರ ತುದಿ ನಿಮಗೆ ಬೇಕಾದ ಮಟ್ಟದಲ್ಲೇ ನಿಂತಿದೆ. ಆಯಿಲ್ ಅಲ್ಲಿಗಿಳಿದ ಕೂಡಲೇ ಕೊಳವೆ ಗಾಳಿ ಎಳೆಯುತ್ತದೆ, ಅಂದರೆ ಅಗತ್ಯಕ್ಕಿಂತ ಹೆಚ್ಚು ಬರುವುದಿಲ್ಲ. ಇಷ್ಟು ಸಣ್ಣ ಟೇಪು ತುಂಡು ಅರ್ಧ ಗಂಟೆಯ ಪರದಾಟ ಉಳಿಸುತ್ತದೆ.
4. ನಿಧಾನ ಎಳೆಯಿರಿ. ಪ್ರತಿ ಸಿರಿಂಜನ್ನು ಬಾಟಲಿಗೆ ಸುರಿದು ಲೆಕ್ಕವಿಡಿ. ಅಳತೆ ಬಾಟಲಿ ಇಲ್ಲದಿದ್ದರೆ ತೂಗಿ: ಆಯಿಲ್ ಲೀಟರ್‌ಗೆ ಸುಮಾರು 850 ಗ್ರಾಂ, ಹಾಗಾಗಿ 425 ಗ್ರಾಂ ಎಂದರೆ ಅರ್ಧ ಲೀಟರ್.
5. ಲೆಕ್ಕ ಹಾಕಿದ್ದರ ಮುಕ್ಕಾಲು ಭಾಗ ಬಂದ ಮೇಲೆ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಉಳಿದದ್ದನ್ನು 100 ಮಿಲಿಲೀಟರ್‌ನಂತೆ ತೆಗೆಯಿರಿ.
6. ಎರಡು ಗೆರೆಗಳ ನಡುವೆ ಮುಕ್ಕಾಲು ಭಾಗದಿಂದ ಮೇಲಿನ ಗೆರೆಯವರೆಗೆ ಎಲ್ಲಿ ನಿಂತರೂ ಸರಿ. ಗೆರೆಯ ಮೇಲೇ ಕೂರಿಸಬೇಕೆಂಬ ಹಟ ಬೇಡ.

ಕೊಳವೆ ಆಯಿಲ್‌ವರೆಗೆ ಇಳಿಯದ, ನಡುವೆ ತಿರುವಿನಲ್ಲಿ ಸಿಕ್ಕಿಕೊಳ್ಳುವ ಎಂಜಿನ್‌ಗಳಿವೆ. ಜಬರದಸ್ತಿ ಮಾಡಿದರೆ ತುಂಡು ಒಳಗೇ ಉಳಿದೀತು. ಆಗ ಉಳಿಯುವುದು ಡ್ರೈನ್ ಬೋಲ್ಟ್ ದಾರಿ.

ಬೋಲ್ಟ್ ಸ್ವಲ್ಪ ಸಡಿಲಿಸಿ, ಒಂದಿಷ್ಟು ಬಿಟ್ಟು, ಮತ್ತೆ ಬಿಗಿಯುವ ಉಪಾಯವನ್ನು ಬಹಳ ಮಂದಿ ಹೇಳುತ್ತಾರೆ. ಮಾಡಬಹುದು, ಆದರೆ ಬೋಲ್ಟ್ ಪೂರ್ತಿ ಕಳಚಿದರೆ ಒಂದು ಲೀಟರ್ ಕೆಲವೇ ಸೆಕೆಂಡುಗಳಲ್ಲಿ ಹೋಗುತ್ತದೆ. ಮೊಣಕೈವರೆಗೆ ಆಯಿಲ್ ಮಾಡಿಕೊಂಡು ಕೊನೆಗೆ ಕಡಿಮೆಯಾಗಿ ಮತ್ತೆ ಸುರಿಯುವುದೇ ಹೆಚ್ಚು. ಈ ದಾರಿ ಹಿಡಿದರೆ ಪೂರ್ತಿ ಇಳಿಸಿ, ಅಳೆದು ಹೊಸದು ತುಂಬುವುದೇ ನೆಟ್ಟಗಿನ ಕೆಲಸ. ಕಾರು ಎತ್ತಿದರೆ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಬೇಕೇ ಬೇಕು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಕೂಡ ಹಾಕಬಾರದು. ವಾಷರ್ ಹೊಸದು ಹಾಕಿ, ತಾಮ್ರದ್ದಾಗಲಿ ಅಲ್ಯುಮಿನಿಯಂನದಾಗಲಿ. ಬೋಲ್ಟ್ ಬಿಗಿಯುವ ಟಾರ್ಕ್ ಬಹಳಷ್ಟು ಕಾರುಗಳಲ್ಲಿ 25ರಿಂದ 40 ನ್ಯೂಟನ್ ಮೀಟರ್ ನಡುವೆ. ನಿಮ್ಮ ಕಾರಿನ ಅಂಕಿ ನೋಡಿಕೊಂಡು ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಅಲ್ಯುಮಿನಿಯಂ ಚೇಂಬರಿನ ತಿರುಪು ಹರಿದರೆ ಚೇಂಬರೇ ಬದಲಿಸಬೇಕಾದೀತು.

ಫಿಲ್ಟರ್ ಬಿಚ್ಚಿ ಅದರೊಳಗಿನ 200-400 ಮಿಲಿಲೀಟರ್ ಚೆಲ್ಲುವ ಯೋಚನೆ ಬಿಡಿ. ಸೀಲ್ ಮತ್ತೆ ಸರಿಯಾಗಿ ಕೂರದೆ ಸೋರುವ ಅಪಾಯ ಸೇರಿಕೊಳ್ಳುತ್ತದೆ.

ತೆಗೆದ ಆಯಿಲ್ ಹೊಸದಾಗಿ, ಬಾಟಲಿ ನಿಜಕ್ಕೂ ಸ್ವಚ್ಛವಾಗಿದ್ದರೆ ಮುಚ್ಚಿ, ಗ್ರೇಡ್ ಬರೆದಿಟ್ಟು ಮುಂದೆ ಟಾಪ್-ಅಪ್‌ಗೆ ಬಳಸಬಹುದು. ಕಪ್ಪಗಿದ್ದರೆ ಹಳೇ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಚರಂಡಿಗೂ ಮಣ್ಣಿಗೂ ಬೇಡ.

ಇಳಿಸಿದ ಮೇಲೆ

ಸ್ಟಾರ್ಟ್ ಮಾಡಿ, ಆರ್‌ಪಿಎಂ ಏರಿಸದೆ ಹತ್ತು ನಿಮಿಷ ಬಿಡಿ. ಕೆಂಪು ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಆಮೇಲೆ 50 ಕಿಲೋಮೀಟರ್ ಓಡಿದ ಮೇಲೊಮ್ಮೆ, ವಾರದ ನಂತರ ಇನ್ನೊಮ್ಮೆ.

ಆಯಿಲ್ ಹೆಚ್ಚಿದ್ದಾಗಲೇ ನೂರಾರು ಕಿಲೋಮೀಟರ್ ಓಡಿಸಿದ್ದರೆ ಇನ್ನೂ ಕೆಲವು ಜಾಗ ನೋಡಬೇಕು. ಏರ್ ಫಿಲ್ಟರ್ ಡಬ್ಬಿ ತೆರೆದು ಬ್ರೀದರ್ ಪೈಪ್ ಸೇರುವ ಕಡೆ ಎಣ್ಣೆ ನೆನೆದಿದೆಯೇ? ಪಿಸಿವಿ ವಾಲ್ವ್ ಅಲುಗಾಡಿಸಿದಾಗ ಒಳಗೆ ಸದ್ದಾಗುತ್ತದೆಯೇ? (ಸ್ಪ್ರಿಂಗ್ ಬಗೆಯ ವಾಲ್ವ್ ಸದ್ದು ಮಾಡಬೇಕು.) ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕೆಳಭಾಗದಲ್ಲಿ ಹೊಸ ಜಿನುಗು ಇದೆಯೇ? ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕೊನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಒಂದೆರಡು ದಿನ ತೆಳು ನೀಲಿ ಹೊಗೆ ಬಂದು ನಿಂತರೆ ಇನ್‌ಟೇಕಿನಲ್ಲಿ ಉಳಿದದ್ದು ಉರಿದಿದೆ. ನಿಲ್ಲದಿದ್ದರೆ ಪರೀಕ್ಷೆ ಮಾಡಿಸಿ.

ಗ್ಯಾರೇಜಿನಲ್ಲಿ ಇದು ಆಗುವುದು ಹೇಗೆ

ದುರುದ್ದೇಶಕ್ಕಿಂತ ಅವಸರವೇ ಹೆಚ್ಚು. ಕಾರಿಗೆ ಬೇಕಾದದ್ದು 3.5 ಲೀಟರ್, ಕ್ಯಾನ್ ಇರುವುದು 4 ಲೀಟರಿನದು. ಪೂರ್ತಿ ಸುರಿದು ಪೂರ್ತಿ ಬಿಲ್ ಮಾಡಿದರೆ ಒಂದು ಕೆಲಸ ಮುಗಿಯಿತು. ಬಿಸಿಯಾಗಿರಬೇಕಾದ ಆಯಿಲನ್ನು ತಣ್ಣಗಿರುವಾಗ, ಲಿಫ್ಟ್ ಮೇಲೆ ಓರೆಯಾಗಿ ನಿಂತ ಕಾರಿನಿಂದ, ಧಾರೆ ಹನಿಯಾಗುವ ಮುನ್ನವೇ ಬೋಲ್ಟ್ ಹಾಕಿ ಮುಗಿಸಿದರೆ ಹಳೆಯದು ಒಂದಷ್ಟು ಉಳಿಯುತ್ತದೆ. ಮೇಲಿನಿಂದ ಮೆಷಿನ್ ಹಾಕಿ ಹೀರುವಾಗ ಕೊಳವೆ ತಳ ಮುಟ್ಟದಿದ್ದರೂ ಹಾಗೆಯೇ. ಅದರ ಮೇಲೆ ಪುಸ್ತಕದಲ್ಲಿರುವ ಅಂಕಿಯಷ್ಟು ನಿಖರವಾಗಿ ಸುರಿದರೂ ಹೆಚ್ಚಾಗುತ್ತದೆ.

ಪುಸ್ತಕದ ಅಂಕಿಯಲ್ಲೂ ಎರಡು ಬಗೆ: ಫಿಲ್ಟರ್ ಬದಲಿಸಿದಾಗಿನದು, ಬದಲಿಸದಿದ್ದಾಗಿನದು. ಫಿಲ್ಟರ್ ಬದಲಿಸದೆ ಫಿಲ್ಟರ್ ಸೇರಿದ ಅಂಕಿಯಷ್ಟು ಹಾಕಿದರೆ ಆ ವ್ಯತ್ಯಾಸ ಡಿಪ್‌ಸ್ಟಿಕ್ ಮೇಲೆ ಕಾಣುತ್ತದೆ. ಹಾಗಾಗಿ ಮಟ್ಟ 300 ಮಿಲಿಲೀಟರ್ ಆಸುಪಾಸು ಹೆಚ್ಚಿದ್ದರೆ, "ಫಿಲ್ಟರ್ ನಿಜಕ್ಕೂ ಬದಲಾಗಿದೆಯೇ?" ಎಂದು ಕೇಳಲು ಕಾರಣವಿದೆ. ಅಂಕಿಗಿಂತ ಅರ್ಧ ಲೀಟರ್ ಕಡಿಮೆ ಸುರಿದು, ಒಮ್ಮೆ ಸ್ಟಾರ್ಟ್ ಮಾಡಿ ಫಿಲ್ಟರ್ ತುಂಬಿಸಿ, ಆಫ್ ಮಾಡಿ, ಅಳೆದು, ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುವವನೇ ಕೆಲಸ ಬಲ್ಲವನು.

ಕಾರು ಒಪ್ಪಿಸುವಾಗ, ಪಡೆಯುವಾಗ

ಜಗಳಕ್ಕಿಂತ ಗುರುತು ಮಾಡಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಬಿಡುವ ಮುನ್ನ ಆಯಿಲ್ ಫಿಲ್ಟರ್ ಮೇಲೆ, ಏರ್ ಫಿಲ್ಟರ್ ಮತ್ತು ಎಸಿಯ ಕ್ಯಾಬಿನ್ ಫಿಲ್ಟರಿನ ಅಂಚಿನಲ್ಲಿ ಬಿಳಿ ಮಾರ್ಕರಿನಿಂದ ಸಣ್ಣ ಚುಕ್ಕೆ ಇಡಿ. ಡ್ರೈನ್ ಬೋಲ್ಟ್ ಕೈಗೆಟುಕಿದರೆ ಬೋಲ್ಟ್ ಮತ್ತು ಚೇಂಬರ್ ಎರಡಕ್ಕೂ ತಾಗುವಂತೆ ಒಂದು ಗೆರೆ ಎಳೆಯಿರಿ. ವಾಪಸು ಬಂದಾಗ ಗೆರೆ ಹಾಗೇ ಕೂಡಿಕೊಂಡಿದ್ದರೆ ಬೋಲ್ಟ್ ತೆರೆದಿಲ್ಲ. ಅಷ್ಟಕ್ಕೇ ಮೋಸ ಎನ್ನಬೇಡಿ, ಮೇಲಿನಿಂದ ಹೀರಿರಬಹುದು. ಆದರೆ ಫಿಲ್ಟರಿನ ಚುಕ್ಕೆಯೂ ಉಳಿದಿದ್ದರೆ ಫಿಲ್ಟರಂತೂ ಬದಲಾಗಿಲ್ಲ.

ಜಾಬ್ ಕಾರ್ಡಿನಲ್ಲಿ "ಜನರಲ್ ಸರ್ವಿಸ್" ಎಂದಷ್ಟೇ ಬರೆಸಿಕೊಳ್ಳಬೇಡಿ. ಆಯಿಲ್ ಗ್ರೇಡ್ (5ಡಬ್ಲ್ಯೂ-30 ಎಂಬಂತೆ), ಕೈಪಿಡಿ ಕೇಳುವ ಎಪಿಐ ಅಥವಾ ಎಸಿಇಎ ಗುಣಮಟ್ಟದ ದರ್ಜೆ, ಎಷ್ಟು ಲೀಟರ್, ಡ್ರೈನ್ ವಾಷರ್ ಹೊಸದು, ಹಳೇ ಬಿಡಿಭಾಗಗಳನ್ನು ವಾಪಸು ಕೊಡಬೇಕು, ಮಟ್ಟ ಮೇಲಿನ ಗೆರೆ ದಾಟಬಾರದು. ಈ ಐದಾರು ಸಾಲು ಬರೆಸುವಾಗಲೇ ಎದುರಿನವರ ಮುಖ ನೋಡಿದರೆ ಮುಂದಿನದು ಅರ್ಧ ಗೊತ್ತಾಗುತ್ತದೆ. ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಗ್ರೇಡ್ ಒಂದೇ ಇದ್ದರೂ ದರ್ಜೆ ತಪ್ಪಿದರೆ ಫಿಲ್ಟರ್ ಬೇಗ ಕಟ್ಟುತ್ತದೆ. ಉಳಿದ ಅರ್ಧ ಲೀಟರಿಗೂ ಹಣ ಕೊಟ್ಟಿದ್ದರೆ ಕ್ಯಾನ್ ಸಮೇತ ಕೇಳಿ ಪಡೆಯಿರಿ. ಅದು ನಿಮ್ಮದು, ಜತೆಗೆ ಪೂರ್ತಿ ಸುರಿದಿಲ್ಲ ಎಂಬುದಕ್ಕೆ ಪುರಾವೆ.

ಪಡೆಯುವಾಗ ಬಿಲ್ ಕಟ್ಟುವ ಮುನ್ನ ಸಮತಟ್ಟು ಜಾಗದಲ್ಲಿ, ಅವರ ಎದುರಿಗೇ ಡಿಪ್‌ಸ್ಟಿಕ್ ನೋಡಿ. ಫಿಲ್ಲರ್ ಕ್ಯಾಪ್ ಬಿಗಿಯಾಗಿದೆಯೇ, ಫಿಲ್ಟರ್ ಸುತ್ತ ಒದ್ದೆ ಇದೆಯೇ ಗಮನಿಸಿ. ಆಯಿಲಿನ ಬಣ್ಣ ನೋಡಿ ತೀರ್ಮಾನಿಸುವಲ್ಲಿ ಎಚ್ಚರ ಬೇಕು: ಪೆಟ್ರೋಲ್ ಕಾರಿನಲ್ಲಿ ಹೊಸ ಆಯಿಲ್ ಜೇನಿನ ಬಣ್ಣದಲ್ಲೇ ಇರಬೇಕು, ಆದರೆ ಡೀಸೆಲ್ ಎಂಜಿನ್ನಿನಲ್ಲಿ ಒಳಗೆ ಉಳಿದ ಮಸಿಯಿಂದಾಗಿ ಹೊಸ ಆಯಿಲ್ ಕೂಡ ಕೆಲವೇ ಕಿಲೋಮೀಟರಿಗೆ ಕಪ್ಪಾಗುತ್ತದೆ. ಡೀಸೆಲ್ ಕಾರಿನ ಕಪ್ಪು ಆಯಿಲ್ ತೋರಿಸಿ ಜಗಳ ತೆಗೆದರೆ ನೀವೇ ಸೋಲುತ್ತೀರಿ.

ತಪ್ಪು ಸಿಕ್ಕಿದ ಮೇಲೆ

ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ಫೋಟೊ, ಬಿಲ್, ಸರ್ವಿಸ್ ಆದಾಗಿನ ಮತ್ತು ಈಗಿನ ಕಿಲೋಮೀಟರ್ ಅಂಕಿಗಳನ್ನು ಸೇರಿಸಿ ಬರಹದಲ್ಲಿ ಕಳಿಸಿ. ಕೋಪದ ಮಾತು ಬೇಡ, ಅಂಕಿಗಳಷ್ಟೇ ಸಾಕು: "ಕೈಪಿಡಿಯ ಪ್ರಮಾಣ 3.5 ಲೀಟರ್, ಬಿಲ್‌ನಲ್ಲಿ 4 ಲೀಟರ್, ಮಟ್ಟ ಮೇಲಿನ ಗೆರೆಗಿಂತ 9 ಮಿ.ಮೀ. ಮೇಲೆ." ಮಟ್ಟ ಅರ್ಧ ಲೀಟರ್‌ಗಿಂತ ಹೆಚ್ಚಿದ್ದರೆ ಕಾರನ್ನು ಅವರ ಬಳಿಗೆ ಓಡಿಸಿಕೊಂಡು ಹೋಗಬೇಡಿ, ಅವರೇ ಬರಲಿ ಅಥವಾ ಟೋ ಮಾಡಿಸಲಿ. ಇಳಿಸುವಾಗ ನೀವು ಎದುರಿಗಿರಿ, ಎಷ್ಟು ಬಂತೆಂದು ಅಳೆಸಿ, ಅದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮುಂದೆ ಸೀಲ್ ಸೋರಿದರೆ, ಕನ್ವರ್ಟರ್ ಕೆಟ್ಟರೆ, ವಾರಂಟಿ ಮಾತುಕತೆಯಲ್ಲಿ ಆ ಒಂದು ಸಾಲು ನಿಮ್ಮ ಕಡೆ ನಿಲ್ಲುತ್ತದೆ.

ತಪ್ಪೊಪ್ಪಿ, ಕೂಡಲೇ ಇಳಿಸಿ, ಮತ್ತೆ ಅಳೆದು ತೋರಿಸಿದ ಗ್ಯಾರೇಜನ್ನು ಬಿಡಬೇಕಿಲ್ಲ. ಕೈ ತಪ್ಪುವುದು ಎಲ್ಲ ಕಡೆ ಇದೆ. "ಹೊಸ ಎಂಜಿನ್ ಕುಡಿಯುತ್ತೆ", "ನಿಮ್ಮ ಡಿಪ್‌ಸ್ಟಿಕ್ಕೇ ಸರಿಯಿಲ್ಲ" ಎಂದು ಶುರುಮಾಡುವವರಿಗೆ ಒಂದೇ ಪ್ರಶ್ನೆ ಕೇಳಿ: ಸರ್ವಿಸ್ ದಿನ ನೀವು ಅಳೆದಾಗ ಎಷ್ಟಿತ್ತು? ಬರೆದಿಟ್ಟ ಅಂಕಿ ಇಲ್ಲದಿದ್ದರೆ ಅವರು ಅಂದು ಅಳೆದೇ ಇಲ್ಲ. ಕಾರಿನ ಬ್ರೇಕನ್ನೂ ಅದೇ ಕೈಗೆ ಒಪ್ಪಿಸಬೇಕೇ ಎಂಬುದನ್ನು ಮುಂದಿನ ಸರ್ವಿಸ್ ಬರುವುದರೊಳಗೆ ತೀರ್ಮಾನಿಸಿಕೊಳ್ಳಿ.